ನನ್ನ ಕೆಲಸಕ್ಕೂ ಆರತಿ ಎತ್ತಿದ ಅತ್ತೆ

ನಾನು ಮದುವೆಯಾಗಿ ತಾಳವಾಡಿಯಿಂದ ಚಾಮರಾಜನಗರದ ಹತ್ತಿರದ ಹರದನಹಳ್ಳಿಗೆ ಬಂದ ಮೊದಲ ವರ್ಷದ ಮಾತಿದು. ನಮ್ಮೂರಿನಲ್ಲೂ ಆಡುವುದು ಕನ್ನಡವೇ, ಆದರೆ ಊರಿರುವುದು ತಮಿಳುನಾಡಿನಲ್ಲಿ. ನರ್ಸಿಂಗ್ ಓದಿ ರಿಜಿಸ್ಟರ್ ಮಾಡಿಸಿಕೊಂಡಿದ್ದೂ ಅಲ್ಲೇ. ಕರ್ನಾಟಕದಲ್ಲಿ ಕೆಲಸ ಮಾಡಬೇಕೆಂದರೆ ಅಲ್ಲಿಂದ ಒಪ್ಪಿಗೆ ಪಡೆದು ಇಲ್ಲಿ ಮತ್ತೆ ಹೆಸರು ನೋಂದಾಯಿಸಬೇಕು. ಗುಂಡ್ಲುಪೇಟೆಯ ಒಂದು ನರ್ಸಿಂಗ್ ಹೋಮಿನವರು, ರಿಜಿಸ್ಟ್ರೇಷನ್ ಆದ ಕೂಡಲೇ ಬನ್ನಿ ಎಂದಿದ್ದರು. ಅಲ್ಲಿಯವರೆಗೆ ಸೂಜಿ ಮುಟ್ಟುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದ್ದೆ.

ಜನ ಕೇಳಬೇಕಲ್ಲ! ಒಂದು ಬೆಳಿಗ್ಗೆ ಅತ್ತೆಯ ಅಣ್ಣ ಜ್ವರದಲ್ಲಿ ನಡುಗುತ್ತಾ ಬಂದರು. ಕೈಯಲ್ಲೊಂದು ಗ್ಲೂಕೋಸ್ ಬಾಟಲಿ.

"ಇದ್ನ ಹಾಕವ್ವ, ಸಂಜೆಗೆಲ್ಲ ಸರಿ ಓಯ್ತೀನಿ."

"ಮಾವ, ನಂಗಿನ್ನೂ ಇಲ್ಲಿ ರಿಜಿಸ್ಟ್ರೇಷನ್ ಆಗಿಲ್ಲ. ಡಾಕ್ಟ್ರು ನೋಡ್ದೆ ಹಾಕಲೂಬಾರ್ದು" ಎಂದೆ.

ಮಾವನಿಗೆ ಎಲ್ಲಿತ್ತೋ ಆ ಸಿಟ್ಟು! "ತಾಳ್ವಾಡಿ ಏನ್ ಅಮೇರಿಕದಲ್ಲದಾ? ಅಲ್ಲಿ ಚುಚ್ಚೋಳ್ಗೆ ಇಲ್ಲಿ ಕೈ ಬರಲ್ವಾ? ಇವ್ಳು ಓದವ್ಳೋ ಇಲ್ವೋ, ಯಾರ್ ಕಂಡವ್ರೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಒಡಹುಟ್ಟಿದ ಅಣ್ಣನೆದುರು ನಿನ್ನೆ ಮೊನ್ನೆ ಬಂದ ಸೊಸೆ ಯಾವ ಲೆಕ್ಕ? ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಅಣ್ಣ, ಅವ್ಳು ಕಷ್ಟಪಟ್ಟು ಓದಿರದ್ನ ನಿನ್ನೊಂದು ಬಾಟ್ಲಿಗೆ ಕಳ್ಕಬೇಕಾ? ಬಾಯ್ ಮುಚ್ಕಂಡು ಏಳು, ಆಸ್ಪತ್ರೆಗೆ ಓಗನ" ಎಂದು ಅತ್ತೆ ಬಾಟಲಿ ಕಿತ್ತುಕೊಂಡರು.

ಮೂವರೂ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಎಂದು ಗೊತ್ತಾಗಿ ಮಾವನನ್ನು ಅಡ್ಮಿಟ್ ಮಾಡಿಕೊಂಡರು. ಸೂಜಿ ಕಂಡದ್ದೇ ತಡ, ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ಇಲ್ಲೇ ಇರವ್ವ, ಓಗ್ಬ್ಯಾಡ" ಎಂದರು. ನನ್ನ ಸಿಟ್ಟೂ ಇಳಿದು, ಪಾಪ ಅನ್ನಿಸಿತು.

ಸಂಜೆ ಅವರ ಮಗ ಬಂದ ಮೇಲೆ ನಾವಿಬ್ಬರೂ ವಾಪಸ್ ಹೊರಟೆವು. ಬಸ್ಸಿನಲ್ಲಿ ಅತ್ತೆ, "ನಿಮ್ಮಪ್ಪನ ಮನೆಯವ್ರು ನಿನ್ನ ಕಳ್ಸವ್ರೆ, ನಿನ್ ಕೆಲ್ಸ ಮಾತ್ರ ಇನ್ನೂ ಅಲ್ಲೇ ಕೂತದೆ. ಬರ್ಲಿ ಬುಡು, ಅದ್ಕೂ ಆರತಿ ಎತ್ತಿ ಒಳಕ್ಕೆ ಕರ್ಕತೀನಿ" ಎಂದರು. ತಮಾಷೆಗೆ ಹೇಳಿದರು ಅಂದುಕೊಂಡು ನಕ್ಕೆ.

ಕೊನೆಗೂ ರಿಜಿಸ್ಟ್ರೇಷನ್ ಆಯಿತು. ಗುಂಡ್ಲುಪೇಟೆಯಲ್ಲಿ ಮೊದಲ ದಿನದ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಮನೆಗೆ ಬಂದೆ. ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಆರತಿ ತಟ್ಟೆ! "ನಿಂತ್ಕೊ, ಅಂಗೇ ಬರ್ಬ್ಯಾಡ" ಎಂದು ತಡೆದು ಆರತಿ ಎತ್ತಿ, ಹಣೆಗೆ ಕುಂಕುಮವಿಟ್ಟರು. "ಈಗ ಬಲಗಾಲಿಟ್ಟು ಬಾ."

ಮದುವೆಯ ದಿನ ಅದೇ ಹೊಸ್ತಿಲನ್ನು ನಗುನಗುತ್ತಾ ದಾಟಿದ್ದವಳು ಅವತ್ತು ಅವರ ಹೆಗಲ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. "ಅಳಬ್ಯಾಡ ಕಣಮ್ಮಿ, ದೀಪ ಆರೋಯ್ತದೆ" ಎಂದ ಅತ್ತೆಯ ಕಣ್ಣಲ್ಲೂ ನೀರಿತ್ತು. ನಾನು ಈ ಮನೆಗೆ ಪೂರ್ತಿಯಾಗಿ ಬಂದೆ ಅನ್ನಿಸಿದ್ದು ಅವತ್ತೇ.