ಏಳು ಬಟ್ಟಲು ನೀರು

ಹಿಮಾಲಯ ನೋಡಬೇಕೆಂಬ ಆಸೆ ನನಗೆ ಒಂದು ದಿನವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಯಾರಾದರೂ "ಟೀಚರೇ, ನೀವು ಆ ಕಾಲದಲ್ಲೇ ಹಿಮಾಲಯ ಹತ್ತಿದವರಂತೆ!" ಎಂದು ಕಣ್ಣರಳಿಸಿದರೆ ನನಗೆ ಮೈ ಉರಿಯುತ್ತದೆ. ಹತ್ತಿದ್ದು ಹೌದು. ಹತ್ತದೆ ಬೇರೆ ದಾರಿ ಇರಲಿಲ್ಲ. ಸುಬ್ರಹ್ಮಣ್ಯದ ಹತ್ತಿರ ಪಂಜ ಎಂಬ ಊರಿನ ನಮ್ಮ ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ನನಗೊಬ್ಬಳಿಗೆ. ಮದುವೆಗೆ ಮುಂಚೆ ಪುತ್ತೂರಿನಲ್ಲಿ ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದೆ. ಅದರಿಂದ ಶಾಲೆಯಲ್ಲಿ ಕೆಲಸ ಸಿಕ್ಕಿತು, ಅದರಿಂದಲೇ ಈ ಪ್ರಯಾಣವೂ ಕುತ್ತಿಗೆಗೆ ಬಿತ್ತು.

ನನ್ನ ಗಂಡ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದರು. ಮದುವೆಯಾದ ಮೂರು ವರ್ಷದಲ್ಲಿ ಎರಡು ಸಲ ರಜೆಯಲ್ಲಿ ಬಂದರು. ಮೂರನೆಯ ಸಲ ಅವರ ಬದಲು ತಂತಿ ಬಂತು. ಕುಲುವಿನಿಂದಾಚೆ ಲಾಹೌಲ್ ಎಂಬ ಕಣಿವೆಯಲ್ಲಿ ರಸ್ತೆ ಕಡಿಯುತ್ತಿದ್ದಲ್ಲಿ ಗುಡ್ಡ ಜರಿದು ಲಾರಿಯ ಮೇಲೆ ಬಿದ್ದಿತ್ತು. ಅವರನ್ನು ಅಲ್ಲಿಯೇ ಸುಟ್ಟರು. ಆಮೇಲೆ ಮನೆಗೆ ಒಂದು ಟ್ರಂಕು ಬಂತು, ಜೊತೆಗೆ ಒಂದು ಕಾಗದ. ಇದು ಅರವತ್ತರ ದಶಕದ ಮಾತು, ನನಗೆ ಆಗ ಇಪ್ಪತ್ತಾರು.

ನಮ್ಮ ಕಡೆ ಸತ್ತವರನ್ನು ಹೊರಗೆ ಬಿಟ್ಟುಬಿಡುವ ಕ್ರಮ ಇಲ್ಲ. ಉತ್ತರಕ್ರಿಯೆ ಮುಗಿದ ಮೇಲೆ ಹೆಸರು ಹಿಡಿದು ಕರೆದು, ಮನೆಯೊಳಗೆ ಬರಮಾಡಿಕೊಂಡು, ಹಿಂದೆ ಹೋದವರ ಸಾಲಿಗೆ ಸೇರಿಸಿ ಬಾಳೆಲೆಯಲ್ಲಿ ಬಡಿಸುತ್ತೇವೆ. ಆಮೇಲೆ ವರ್ಷವರ್ಷವೂ ಅವರಿಗೆ ಒಂದು ಎಲೆ ಉಂಟು. ನನ್ನ ಗಂಡನನ್ನೂ ಕರೆದೆವು. ಆದರೆ ಅತ್ತೆಗೆ ಮಗ ಕನಸಿನಲ್ಲಿ ಬರುವುದು ನಿಲ್ಲಲಿಲ್ಲ. ಬಂದವನು ಚಳಿ ಚಳಿ ಎನ್ನುತ್ತಿದ್ದನಂತೆ. ಎರಡು ವರ್ಷ ಕೇಳಿ ಕೇಳಿ ಮಾವ ಒಂದು ಬೆಳಿಗ್ಗೆ ಎಲೆಯಡಿಕೆ ಉಗಿದು ಬಂದು ಹೇಳಿದರು.

"ಅವ ಬರ್ಲಿಲ್ಲ ಮಗಳೇ. ಅಲ್ಲೇ ನಿಂತಿದ್ದಾನೆ. ಅವನಿಗೆ ದಾರಿ ಗೊತ್ತಿಲ್ಲ. ನಾವೇ ಹೋಗಿ ಕರ್ಕೊಂಡು ಬರ್ಬೇಕು."

ದೇಶವಿಡೀ ಲಾರಿ ಓಡಿಸಿದವರಿಗೆ ದಾರಿ ಗೊತ್ತಿಲ್ಲವೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮಾವನಿಗೆ ಆಗ ಎಪ್ಪತ್ತರ ಹತ್ತಿರ. ಪುತ್ತೂರಿನಿಂದಾಚೆ ಮಂಗಳೂರು, ಈಚೆ ಸುಬ್ರಹ್ಮಣ್ಯ, ಅಷ್ಟೇ ಅವರ ಲೋಕ. ನಾನು ಶಾಲೆಗೆ ರಜೆ ಬರೆದುಕೊಟ್ಟೆ.

ಮಂಗಳೂರಿನಿಂದ ರೈಲು, ಮದ್ರಾಸು, ಡೆಲ್ಲಿ, ಪಠಾಣಕೋಟ್. ಅಲ್ಲಿಂದ ಮನಾಲಿಯ ತನಕ ಬಸ್ಸು. ಆ ಬಸ್ಸಿನಲ್ಲಿ ನಾನು ವಾಂತಿ ಮಾಡಿದ್ದನ್ನು ಬರೆದರೆ ಇನ್ನೊಂದು ಪುಟ ಬೇಕು. ಮನಾಲಿಯಲ್ಲಿ ಹೇಸರಗತ್ತೆಯವನೊಬ್ಬ ಸಿಕ್ಕಿದ. ಕಣಿವೆಯ ಊರವನೇ, ನಲವತ್ತು ದಾಟಿದವ, ಹಿಂದಿ ಮಾತಾಡುತ್ತಿದ್ದ. ಅವನ ಹಿಂದಿ ಒಂದು ನಮೂನೆ, ಪರೀಕ್ಷೆ ಪಾಸಾದ ನನ್ನ ಹಿಂದಿ ಇನ್ನೊಂದು ನಮೂನೆ. ಹೇಗೋ ನಡೆಯುತ್ತಿತ್ತು. ಅವನ ಹೇಸರಗತ್ತೆಯ ಮೇಲೆ ನಮ್ಮ ಗಂಟುಮೂಟೆ ಹೇರಿ, ಕಣಿವೆಗೆ ನಾಲ್ಕು ದಿನದ ನಡಿಗೆ ಶುರು ಮಾಡಿದೆವು.

ಸಾಕಪ್ಪಾ ಸಾಕು, ಆ ನಡಿಗೆ! ಹತ್ತು ಹೆಜ್ಜೆಗೆ ಒಂದು ಸಲ ಉಸಿರು ನಿಲ್ಲುತ್ತಿತ್ತು. ಮನೆಯಿಂದ ಹಾಕಿಕೊಂಡು ಹೋಗಿದ್ದ ಚಪ್ಪಲಿ ಘಾಟಿ ಹತ್ತುವಾಗಲೇ ಕಿತ್ತುಹೋಯಿತು. ಮನಾಲಿಯಲ್ಲಿ ಕೊಂಡಿದ್ದ ಕ್ಯಾನ್ವಾಸ್ ಬೂಟು ಹಿಮ್ಮಡಿಯಲ್ಲಿ ನೀರು ತುಂಬಿದ ಬೊಬ್ಬೆ ಎಬ್ಬಿಸಿತು. ಘಾಟಿ ದಾಟಿದ ಮೇಲೆ ಒಂದು ಮರ ಇಲ್ಲ, ಎಲ್ಲಿ ನೋಡಿದರೂ ಬೋಳು ಕಲ್ಲು. ಸುಬ್ರಹ್ಮಣ್ಯದ ಗುಡ್ಡವನ್ನು ನಾಲ್ಕು ಸಲ ಹತ್ತಿದ್ದ ಮಾವನಿಗೆ ಇದು ಗುಡ್ಡವೆಂದೇ ಅನ್ನಿಸಲಿಲ್ಲ. "ಎಂತ ಗುಡ್ಡ ಮಾರಾಯ್ತಿ ಇದು, ಒಂದು ಎಲೆ ಇಲ್ಲ. ಇಲ್ಲಿ ಹೇಗೆ ಇರುದು ಅವ?" ಎಂದು ಅವರು ಕೇಳುತ್ತಲೇ ಇದ್ದರು. ಉತ್ತರ ಹೇಳಲಿಕ್ಕೆ ನನ್ನಲ್ಲಿ ಗಾಳಿ ಇರಲಿಲ್ಲ.

ಊರುಗಳು ಸಣ್ಣವು. ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಡು, ಅದರ ಮೇಲೆ ಒಣಹುಲ್ಲು, ಕೆಳಗೆ ಬಟಾಣಿಯ ಗದ್ದೆ. ಪ್ರತಿ ಊರಿನ ತಲೆಯ ಮೇಲೆ ಬಂಡೆಗೆ ಅಂಟಿಕೊಂಡಂತೆ ಒಂದು ಬೌದ್ಧ ಮಠ. ದಾರಿಯಲ್ಲಿ ಅಕ್ಷರ ಕೆತ್ತಿದ ಕಲ್ಲುಗಳನ್ನು ಪೇರಿಸಿದ ಉದ್ದದ ಗೋಡೆಗಳು ಸಿಗುತ್ತಿದ್ದವು. ಗೋಡೆ ನಮ್ಮ ಬಲಕ್ಕೆ ಇರುವಂತೆಯೇ ನಡೆಯಬೇಕು ಎಂದು ಕತ್ತೆಯವ ಹೇಳಿದ. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಮಾವ ಸರಿಯಾದ ಬದಿಗೆ ಹೋಗಿ ನಿಂತಿದ್ದರು. "ಪ್ರದಕ್ಷಿಣೆ ಅಲ್ವಾ? ಅದು ಹೇಳಿಕೊಡ್ಬೇಕಾ?" ಎಂದು ನನ್ನನ್ನೇ ಗದರಿಸಿದರು. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ, ಒಟ್ಟಿಗೆ ಒಂದು ಸುತ್ತು ಪೂರ್ತಿಯಾಗುತ್ತದೆ ಎಂದು ಅವರಿಗೆ ಬಹಳ ಸಮಾಧಾನವಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಲಾರಿಯ ಮೇಲೆ ಗುಡ್ಡ ಜರಿದ ಆ ತಿರುವು ಬಂತು. ರಸ್ತೆಯ ಕೆಲಸದವನೊಬ್ಬ ಕೈ ತೋರಿಸಿದ. ಜರಿದ ಮಣ್ಣು ಈಗ ರಸ್ತೆಯೇ ಆಗಿಹೋಗಿತ್ತು, ನೋಡಲಿಕ್ಕೆ ಏನೂ ಇರಲಿಲ್ಲ. ಮಾವ ಒಂದು ಕಲ್ಲಿನ ಮೇಲೆ ಎಲೆಯಡಿಕೆ ಇಟ್ಟರು, ಮನೆಯಿಂದ ತಂದ ತೆಂಗಿನಕಾಯಿ ಒಡೆದರು. ಎದ್ದು ನಿಂತು ಮಗನ ಹೆಸರು ಹಿಡಿದು ಮೂರು ಸಲ ಕರೆದರು. "ಬಾ ಮಗ, ಮನೆಗೆ ಹೋಗುವ. ಅಪ್ಪ ಬಂದಿದ್ದೇನೆ."

ನನಗೆ ಅಳು ಬಂತು. ಎರಡು ವರ್ಷದಲ್ಲಿ ಅಳದಷ್ಟು ಅತ್ತುಬಿಟ್ಟೆ. ಕರೆಯಲಿಕ್ಕೆ ಮಾತ್ರ ನನಗೆ ಬಾರದು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಬೆಳೆದವಳು ನಾನು.

ಕರೆದುಕೊಂಡು ಬರುವುದಕ್ಕೂ ಒಂದು ಕ್ರಮ ಉಂಟು ಎಂದು ಮಾವ ದಾರಿಯಲ್ಲಿಯೇ ಹೇಳಿಕೊಟ್ಟಿದ್ದರು. ಹೊಳೆ ಬಂದರೆ ಹೊಳೆ ಎಂದು ಹೇಳಬೇಕು. ಎಲ್ಲಿಯಾದರೂ ಒಳಗೆ ಹೋಗುವುದಾದರೆ ಬಾ ಎನ್ನಬೇಕು. ಅಲ್ಲಿಂದ ಹೊರಡುವಾಗ ಹೆಸರು ಹಿಡಿದು "ಹೊರಡುವ" ಎನ್ನಲೇಬೇಕು. ಹೇಳದೆ ಬಂದರೆ ಅವರು ಅಲ್ಲಿಯೇ ಉಳಿಯುತ್ತಾರೆ. ಸತ್ತವರು ಯಾರೂ ಕರೆಯದೆ ಎದ್ದು ಬರುವುದಿಲ್ಲ, ಅವರಿಗೂ ಮರ್ಯಾದೆ ಉಂಟಲ್ಲ. ಮಾವ ಆ ತಿರುವಿನಿಂದಲೇ ಶುರು ಮಾಡಿದರು. "ಮಗ, ಇಲ್ಲಿ ಹೊಳೆಗೆ ಮರದ ಸಂಕ ಉಂಟು, ಜಾಗ್ರತೆ." "ಮಗ, ಕಲ್ಲು ಜಾರ್ತದೆ." ಕತ್ತೆಯವ ಹಿಂತಿರುಗಿ ನೋಡಿ ಯಾರ ಹತ್ತಿರ ಮಾತು ಎಂದು ಕೇಳಿದ. ನಾನು ಹೇಳಿದೆ. ಅವ ನಗಲಿಲ್ಲ. ಹೇಸರಗತ್ತೆಯನ್ನು ಬದಿಗೆಳೆದು ದಾರಿ ಬಿಟ್ಟುಕೊಟ್ಟ.

ಮಾರನೆಯ ದಿನ ಗಾಳಿ ಜೋರಾಯಿತು, ಮಣ್ಣು ಕಣ್ಣಿಗೆ ತುಂಬಿತು. ಮೇಲಿನ ಮಠದಲ್ಲಿ ಇಂದು ಉಳಿಯೋಣ ಎಂದ ಕತ್ತೆಯವ. ಆ ಮಠಕ್ಕೆ ಒಂದೂವರೆ ಗಂಟೆಯ ಏರು. ದೇವರೇ, ಆ ಏರು! ಕೊನೆಯಲ್ಲಿ ನಾನು ಕೈಕಾಲು ಊರಿಕೊಂಡು ಹತ್ತಿದೆ. ಮಾವ ಹೊಸಿಲಲ್ಲಿ ನಿಂತು, "ಬಾ ಮಗ, ಒಳಗೆ ಕೂತುಕೊಳ್ಳುವ" ಎಂದರು.

ಒಳಗೆ ಕತ್ತಲೆ, ತುಪ್ಪದ ದೀಪದ ವಾಸನೆ. ಬಾಗಿಲಿನ ಪಕ್ಕದಲ್ಲಿಯೇ ಒಂದು ಗಿಡ್ಡ ಹಲಗೆಯ ಮೇಲೆ ಏಳು ಹಿತ್ತಾಳೆ ಬಟ್ಟಲು, ಎಲ್ಲದರಲ್ಲೂ ಕಂಠದ ತನಕ ನೀರು. ಮಾವನ ಮುಖ ಅರಳಿತು. ನಮ್ಮ ಊರಲ್ಲಿ ಯಾರೇ ಬಂದರೂ ಜಗಲಿಯಲ್ಲಿ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲಿಕ್ಕೆ ಬೆಲ್ಲ ಮತ್ತು ನೀರು. "ನೋಡಿದೆಯಾ, ಇಷ್ಟು ದೂರದಲ್ಲಿಯೂ ಕ್ರಮ ಗೊತ್ತಿದ್ದವರು ಇದ್ದಾರೆ" ಎಂದವರೇ ಎರಡು ಬಟ್ಟಲು ಎತ್ತಿ ಹೊರಗೆ ಹೋಗಿ ಕಾಲಿಗೆ ಹೊಯ್ದುಕೊಂಡರು. ನನಗೂ ಎರಡು ಕೊಟ್ಟರು. ಬೂಟು ಬಿಚ್ಚಿ ಒಡೆದ ಬೊಬ್ಬೆಯ ಮೇಲೆ ಹೊಯ್ದುಕೊಂಡೆ. ಆ ತಂಪು ಇನ್ನೂ ನೆನಪಿದೆ. ಐದನೆಯದರಲ್ಲಿ ಮಾವ ಬಾಯಿ ಮುಕ್ಕಳಿಸಿದರು.

ಒಳಗಿನಿಂದ ಒಂದು ಕೂಗು ಕೇಳಿತು. ಕೆಂಪು ಬಟ್ಟೆಯ ಸನ್ಯಾಸಿಯೊಬ್ಬ ಓಡಿ ಬಂದು ಖಾಲಿ ಬಟ್ಟಲುಗಳನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. ಕತ್ತೆಯವ ನಾಲಿಗೆ ಕಚ್ಚಿಕೊಂಡ. ಅದು ದೇವರ ಮುಂದೆ ಇಟ್ಟ ನೀರು, ದಿನಾ ಬೆಳಿಗ್ಗೆ ಇಡುವ ನೈವೇದ್ಯ. ನಾನು ಮಾವನಿಗೆ ಹೇಳಿದಾಗ ಅವರ ಮುಖ ಬಿಳುಚಿಹೋಯಿತು. ಜನ್ಮದಲ್ಲಿ ಒಂದು ದೇವಸ್ಥಾನದ ಕ್ರಮ ತಪ್ಪದ ಮನುಷ್ಯ ದೇವರ ನೈವೇದ್ಯದಲ್ಲಿ ಕಾಲು ತೊಳೆದಿದ್ದರು. ಅಂಗಳದಲ್ಲಿಯೇ ಅಡ್ಡಬಿದ್ದರು.

ಅಷ್ಟರಲ್ಲಿ ಹಲ್ಲಿಲ್ಲದ ಮುದುಕ ಲಾಮಾ ಒಬ್ಬರು ಬಂದು ವಿಷಯ ಕೇಳಿದರು. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಟ್ಟಲುಗಳನ್ನು ಒರೆಸಿ, ತಾವೇ ಒಂದೊಂದಾಗಿ ತುಂಬಿಸುತ್ತ ಏನೋ ಹೇಳಿದರು. ಕತ್ತೆಯವ ಅದನ್ನು ಹಿಂದಿಗೆ ತಿರುಗಿಸಿದ. ಈ ನೀರು ದೇವರಿಗೂ ಹೌದು, ಕಣ್ಣಿಗೆ ಕಾಣದೆ ಬಾಯಾರಿ ಬರುವವರಿಗೂ ಹೌದು. ನೀವು ಕಣ್ಣಿಗೆ ಕಾಣುವವರು, ಅಷ್ಟೇ ವ್ಯತ್ಯಾಸ. ಆಮೇಲೆ ನಮಗೆ ಬೆಣ್ಣೆ ಹಾಕಿದ ಉಪ್ಪು ಚಾ ಕೊಟ್ಟರು. ಮಾವ ಅದನ್ನು ತೀರ್ಥದಂತೆ ಕಣ್ಣಿಗೊತ್ತಿಕೊಂಡು ಕುಡಿದರು. ನಾಚಿಕೆಯಿಂದ ಅವರು ಆಮೇಲೆ ತಲೆ ಎತ್ತಲಿಲ್ಲ. ಬೆಳಗಾದದ್ದೇ ತಡ, ಚಾಪೆ ಸುತ್ತಿ, ಲಾಮಾರಿಗೆ ಕೈಮುಗಿದು, ಯಾರ ಮುಖವನ್ನೂ ನೋಡದೆ ಸರಸರನೆ ಇಳಿದುಬಿಟ್ಟರು.

ಕೆಳಗೆ ಹೊಳೆ ದಾಟುವ ಸಂಕ ಸಿಕ್ಕಿದಾಗ "ಮಗ, ಸಂಕ" ಎಂದರು. ಆಗ ನನಗೆ ಹೊಳೆಯಿತು. ಮಠದಿಂದ ಹೊರಡುವಾಗ ಮಾವ ಮಗನನ್ನು ಕರೆದಿರಲಿಲ್ಲ.

ತಲೆ ಎತ್ತಿ ನೋಡಿದೆ. ಮಠ ಅಲ್ಲಿ ಮೇಲೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಾವ ಅಲ್ಲಿಂದಲೇ ತಿರುಗಿ ಹತ್ತುತ್ತಿದ್ದರು. ಅವರನ್ನು ಒಬ್ಬರೇ ಬಿಡುವ ಹಾಗಿಲ್ಲ, ನಾನೂ ಹತ್ತಬೇಕು. ಹಿಮ್ಮಡಿಯ ರಕ್ತ ಬೂಟಿಗೆ ಅಂಟಿತ್ತು. ಇದೆಲ್ಲ ಮುದುಕರ ಭ್ರಮೆ, ಸತ್ತವರು ಎಲ್ಲಿ ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ದಿನದ ಹಿಂದೆ ಆ ತಿರುವಿನಲ್ಲಿ ನಿಂತು ಅತ್ತವಳೂ ನಾನೇ. ನಿಜ ಹೇಳುವುದಾದರೆ ನಂಬಿಕೆ, ಅಪನಂಬಿಕೆ ಯಾವುದೂ ಅಲ್ಲ. ನನಗೆ ಸುಸ್ತಾಗಿತ್ತು. ಬಾಯಿ ಮುಚ್ಚಿಕೊಂಡು ಸಂಕ ದಾಟಿದೆ.

ಮುಂದೆ ಇಡೀ ದಾರಿ ಮಾವ ಒಂದನ್ನೂ ಬಿಡಲಿಲ್ಲ. ಡೆಲ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಜನರ ನೂಕಾಟದ ನಡುವೆ "ಮಗ, ಈ ರೈಲು, ಹತ್ತು" ಎಂದು ಗಟ್ಟಿಯಾಗಿ ಕೂಗಿದರು. ಪಾಣೆಮಂಗಳೂರಿನ ಸಂಕದ ಮೇಲೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ "ಮಗ, ನೇತ್ರಾವತಿ ಬಂತು ನೋಡು, ನಮ್ಮ ಹೊಳೆ" ಎಂದರು. ಪಕ್ಕದಲ್ಲಿ ಕುಳಿತ ನಾನು ಒಂದೊಂದು ಸಲವೂ ಮುಖ ಆಚೆ ತಿರುಗಿಸುತ್ತಿದ್ದೆ. ಯಾರೂ ಇಲ್ಲದ ಜಾಗಕ್ಕೆ ಮುದುಕ ಮನುಷ್ಯ ಹೊಳೆ ತೋರಿಸುತ್ತಿದ್ದರು.

ಮನೆಯಲ್ಲಿ ಅತ್ತೆ ಎಲೆ ಹಾಕಿ, ದೀಪ ಹಚ್ಚಿ ಕಾಯುತ್ತಿದ್ದರು. ಮಾವ ಮೆಟ್ಟಿಲು ಹತ್ತಿದರು. ಹೊಸಿಲಿನ ಎದುರು ನಿಂತು ಕರೆಯಲಿಕ್ಕೆ ಬಾಯಿ ತೆರೆದವರು ಹಾಗೆಯೇ ನಿಂತರು. ಮೆಲ್ಲ ಕುಸಿದು ಜಗಲಿಯ ಅಂಚಿನಲ್ಲಿ ಕುಳಿತರು.

"ಮಗಳೇ," ಎಂದರು. "ಆ ಮಠದಲ್ಲಿ... ಹೊರಡುವಾಗ ನಾನು ಅವನನ್ನು ಕರ್ದೆನಾ?"

ಅತ್ತೆ ಒಳಗಿನಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಬಡಿಸಿದ ಅನ್ನದಿಂದ ಹಬೆ ಏಳುತ್ತಿತ್ತು.

"ನೀವು ಮರ್ತಿರಿ ಮಾವ. ನಾನು ಕರ್ದೆ," ಎಂದೆ.

"ನೀನಾ? ಹೆಸರು ಹಿಡಿದು?"

"ಹೆಸರು ಹಿಡಿದೇ ಕರ್ದೆ."

ಗಂಡನ ಹೆಸರು ಹೇಳಿದ ಸೊಸೆಯನ್ನು ಬೇರೆ ಯಾವಾಗಲಾದರೂ ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಅಂದು ನನ್ನ ಎರಡೂ ಕೈಗಳನ್ನು ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. "ದೊಡ್ಡ ಉಪಕಾರ ಆಯ್ತು ಮಗಳೇ, ದೊಡ್ಡ ಉಪಕಾರ" ಎಂದು ಅತ್ತರು. ಎದ್ದು ಮಗನನ್ನು ಒಳಗೆ ಕರೆದರು. ಅಂದಿನಿಂದ ಅತ್ತೆಗೆ ಆ ಕನಸು ಬೀಳಲಿಲ್ಲ.

ಆಮೇಲೆ ಮಾವ ಒಂಬತ್ತು ವರ್ಷ ಬದುಕಿದರು. ಪ್ರತಿ ವರ್ಷ ಹಿರಿಯರಿಗೆ ಬಡಿಸುವ ದಿನ ಮಗನ ಎಲೆಗೆ ನಾನೇ ಬಡಿಸಬೇಕು ಎನ್ನುತ್ತಿದ್ದರು, ಕರೆದು ತಂದವಳು ಅವಳು ಎಂದು. ನಾನು ಬಡಿಸುತ್ತಿದ್ದೆ. ಉಣ್ಣುವವರು ಅಲ್ಲಿ ಇಲ್ಲ ಎಂದು ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ.

ಮಾವ ಹೋದ ಮೇಲೆ ಒಂದು ಬೆಳಿಗ್ಗೆ ಅಂಗಳದಲ್ಲಿ ಬಡಗು ದಿಕ್ಕಿಗೆ ಮುಖ ಮಾಡಿ ನಿಂತು ಕರೆಯಲಿಕ್ಕೆ ನೋಡಿದೆ. ಸುತ್ತ ಯಾರೂ ಇರಲಿಲ್ಲ. ಆದರೂ ಹೆಸರು ಬಾಯಿಗೆ ಬರಲಿಲ್ಲ. ಕಾಲಿನ ಬೊಬ್ಬೆ ವಾಸಿಯಾಗಿ ಎಷ್ಟೋ ಕಾಲವಾಗಿತ್ತು, ಹತ್ತಬೇಕೆಂದರೆ ಈಗ ಹತ್ತಿಯೇನು ಎನ್ನಿಸಿತು. ತಿರುಗಿ ಒಳಗೆ ಬಂದೆ. ಆ ಮಠದಲ್ಲಿ ದಿನಾ ಬೆಳಿಗ್ಗೆ ಏಳು ಬಟ್ಟಲು ನೀರು ಇಡುತ್ತಾರೆ.