ಸಾಹೇಬರ ವಂಶ ಬರೆದ ಸಂಗಪ್ಪ

ಹೆಳವರ ಸಂಗಪ್ಪನವರ ಎರಡೂ ಕಾಲು ಗಟ್ಟಿಮುಟ್ಟಾಗಿದ್ದವು. ನಮ್ಮ ಅತನೂರಿನ ಅಗಸಿಬಾಗಿಲವರೆಗೆ ಎತ್ತಿನ ಮುಂದೆ ನಡೆದೇ ಬರುತ್ತಿದ್ದರು. ಅಗಸಿಯಲ್ಲಿ ಎತ್ತು ಹತ್ತಿ, ಕಾಲ ಮೇಲೆ ಕಂಬಳಿ ಹೊದ್ದು, ಕುಂಟರಂತೆ ಊರೊಳಗೆ ಬರುವರು. ಮನೆಮನೆಯ ವಂಶಾವಳಿ ಹೇಳುವ ಹೆಳವರು ಹಾಗೆಯೇ ಬರಬೇಕೆಂಬುದು ಪದ್ಧತಿ. ಇಳಿದ ಮೇಲೆ ಅವರು ಓಡಾಡುವುದನ್ನು ಊರೆಲ್ಲ ನೋಡುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

ಮೂರು ವರ್ಷಕ್ಕೊಮ್ಮೆ, ಜೋಳದ ರಾಶಿಯಾದ ಮೇಲೆ ಅವರ ಸರದಿ. ನಮ್ಮ ಕಟ್ಟೆಯ ಮೇಲೆ ಕೂತು, ಮೂಲಪುರುಷನಿಂದ ನನ್ನವರೆಗೆ ಒಂಬತ್ತು ತಲೆಮಾರನ್ನು ಹಾಡಿನಂತೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಯಲ್ಲಿ ಸೇರಿಸಿಕೊಂಡು ಹೋಗುವರು. ನಿಂಬರ್ಗಾದಲ್ಲಿ ಒಮ್ಮೆ ಮದುವೆ ನಿಶ್ಚಯದ ಊಟಕ್ಕೆ ಕರೆದಿದ್ದರಂತೆ. ಹೋಳಿಗೆ ಉಂಡು, ಕೈ ತೊಳೆದು, ಈ ಹುಡುಗ ಹುಡುಗಿ ಐದು ತಲೆ ಹಿಂದಿನ ಒಬ್ಬನೇ ಅಜ್ಜನ ವಂಶದವರು, ಅಣ್ಣ ತಂಗಿಯಾಗಬೇಕು ಎಂದರಂತೆ. ಊಟಕ್ಕೆ ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಮೊದಲು ಯಾರೂ ಕೇಳಲಿಲ್ಲ ಎಂದರಂತೆ.

ಮಹಾಯುದ್ಧಕ್ಕೆ ಎರಡು ವರ್ಷ ಮೊದಲು ನಾನು ಯಡ್ರಾಮಿಯಲ್ಲಿ ಗುಮಾಸ್ತನಾಗಿದ್ದೆ. ನಿಜಾಮ ಸರಕಾರದ ಪರವಾಗಿ ಬಾವಿ ತೋಡಿಸುವ ಹ್ಯಾರಿ ಬಾರ್ಕರ್ ಎಂಬ ಇಂಗ್ಲಿಷ್ ಇಂಜಿನಿಯರರ ಕೈಕೆಳಗೆ ಕೆಲಸ. ಅವರಿಗೆ ಊರವರ ಮಾತು ತಿಳಿಸಿ ಹೇಳುವವನೂ ನಾನೇ. ನನ್ನ ಮಗಳ ಹೆಸರು ಬರೆದುಕೊಳ್ಳಲು ಸಂಗಪ್ಪನವರು ಅಲ್ಲಿಗೇ ಬಂದರು. ಸಾಹೇಬರು ವಿಷಯ ಕೇಳಿ, ತಮ್ಮ ವಂಶವನ್ನೂ ಹೇಳಲಿ ಎಂದು ನಕ್ಕರು. ಸಂಗಪ್ಪ ನಗಲಿಲ್ಲ. ತಂದೆ, ಅಜ್ಜ, ಊರು, ಮನೆದೇವರು ಕೇಳಿದರು. ಸಾಹೇಬರದು ಹಳ್ಳಿಯ ಒಕ್ಕಲುತನದ ಮನೆ. ಅಜ್ಜನಿಂದಾಚೆ ಏನೂ ಗೊತ್ತಿರಲಿಲ್ಲ.

"ನಿಮ್ಮ ದೇಶದಾಗ ಹೆಳವರಿಲ್ಲೇನ್ರಿ?"

ಹುಟ್ಟು, ಮದುವೆ, ಸಾವು ಬರೆದಿಡುವ ಪುಸ್ತಕ ಊರ ಚರ್ಚಿನಲ್ಲಿದೆ, ಹೊಲ ನೋಡಿಕೊಳ್ಳುವ ಅಣ್ಣ ಅಲ್ಲೇ ಇದ್ದಾನೆ ಎಂದರು ಸಾಹೇಬರು. ಹಾಗಾದರೆ ಅಣ್ಣನಿಗೆ ಬರೆದು ತರಿಸಿರಿ ಎಂದು ಸಂಗಪ್ಪ ಹೊತ್ತಿಗೆ ಮುಚ್ಚಿದರು. ಸಾಹೇಬರು ಹೊಲ ಬಿಟ್ಟು ಹಡಗು ಹತ್ತಿದ ಮೇಲೆ ಹನ್ನೊಂದು ವರ್ಷ ಅಣ್ಣ ತಮ್ಮಂದಿರ ನಡುವೆ ಕಾಗದವೇ ಇಲ್ಲವೆಂದು ಆಮೇಲೆ ನನಗೆ ತಿಳಿಯಿತು. ಆದರೂ ಆ ವಾರವೇ ಬರೆದರು.

ಐದು ತಿಂಗಳಿಗೆ ಉತ್ತರ ಬಂತು. ಕ್ಷೇಮ ಸಮಾಚಾರ ಒಂದೂ ಇಲ್ಲ, ಬರೀ ಹೆಸರುಗಳು, ಒಂದೊಂದರ ಮುಂದೆ ಒಂದು ಸಾಲು. ಸರದಿಯಲ್ಲದಿದ್ದರೂ ಸಂಗಪ್ಪ ಮರುವರ್ಷ ಬಂದರು. ಸಾಹೇಬರ ಎದುರೇ ಅದನ್ನು ಓದಿದೆ. ಏಳು ತಲೆಮಾರು, ಎಲ್ಲರೂ ಒಕ್ಕಲಿಗರು. ಅವರಲ್ಲೊಬ್ಬ ಕುರಿ ಕದ್ದು ಜೈಲು ಕಂಡವ. ಅವನನ್ನು ಬಿಡಬಹುದು ಎಂದರು ಸಾಹೇಬರು.

"ಅವನ್ನ ಬಿಟ್ಟರ ಅವನ ಮಗ ಯಾರಿಗೆ ಹುಟ್ಟಬೇಕ್ರಿ?" ಎಂದು ಸಂಗಪ್ಪ ಕುರಿಗಳ್ಳನನ್ನು ಬರೆದುಕೊಂಡರು. ಕೊನೆಗೆ ಸಾಹೇಬರ ತಂದೆ ಥಾಮಸ್, ಥಾಮಸನ ಮಗ, ಕಾಗದ ಬರೆದ ಅಣ್ಣ ವಿಲಿಯಂ, ವಿಲಿಯಂನ ಇಬ್ಬರು ಮಕ್ಕಳು. ಅಲ್ಲಿಗೆ ಮುಗಿಯಿತು. ಸಂಗಪ್ಪ ಶಾಯಿಯ ಟಾಕು ಎತ್ತಿ ಹಿಡಿದು ಕಾದರು.

"ಸಾಹೇಬ್ರ ಹೆಸರ ಓದ್ಲಿಲ್ಲಲ್ರಿ ನೀವು."

ಕಾಗದದಲ್ಲಿ ಇಲ್ಲ ಎಂದೆ. ಇದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಗಲಿಲ್ಲ. ಅವರು ಕಿಟಕಿಯ ಹೊರಗೆ ಎತ್ತನ್ನು ನೋಡುತ್ತಿದ್ದರು.

"ಹುಟ್ಟಿದಾಂವನ್ನ ಬಿಡಾಕ ಅಣ್ಣಗ ಹಕ್ಕಿಲ್ರಿ," ಎಂದು ಸಂಗಪ್ಪ ಥಾಮಸನ ಕೆಳಗೆ ಎರಡನೆಯ ಮಗನನ್ನು ಬರೆದರು. ಆಮೇಲೆ ಮೂಲದಿಂದ ಏರುದನಿಯಲ್ಲಿ ಹೇಳುತ್ತ ಬಂದರು. ಜಾರ್ಜಪ್ಪ, ಥಾಮಪ್ಪ, ವಿಲ್ಲಪ್ಪ ಆಗಿ ಹ್ಯಾರೆಪ್ಪ ಬಂದಾಗ ಸಾಹೇಬರು ಎದ್ದು ನಿಂತಿದ್ದರು. ಆ ಪುಟವನ್ನು ಇಂಗ್ಲಿಷಿನಲ್ಲಿ ನನ್ನಿಂದ ಬರೆಸಿ ಅಣ್ಣನಿಗೆ ಕಳಿಸಿದರು.

ಯುದ್ಧ ಮುಗಿದ ಮೇಲೆ ಸಾಹೇಬರು ಊರಿಗೆ ಹೋದರು. ಅಲ್ಲಿಂದ ಒಂದು ಕಾಗದ ಬಂತು: ನಾನು ಬರೆದ ಪುಟ ಅಣ್ಣನ ಅಡುಗೆಮನೆಯ ಗೋಡೆಯಲ್ಲಿದೆ, ಸಾಹೇಬರು ಈಗ ಅಣ್ಣನ ಹೊಲದಲ್ಲಿ ಬಾವಿ ತೋಡಿಸುತ್ತಿದ್ದಾರೆ. ಸಂಗಪ್ಪನವರಿಗೆ ಅದನ್ನು ಓದಿ ಹೇಳಿದೆ. ನೀರು ಬಿತ್ತೇ ಎಂದಷ್ಟೇ ಕೇಳಿದರು. ಅದೇ ಕೊನೆಯ ಭೇಟಿ.

ಮುಂದಿನ ಸರದಿಗೆ ಎತ್ತಿನ ಮೇಲೆ ಬಂದವರು ಅವರ ಅಳಿಯ, ನಡುವಯಸ್ಸಿನವರು. ಮಾವ ಜೇವರ್ಗಿಯಲ್ಲಿ ತೀರಿಕೊಂಡರೆಂದರು. ಸಂಗಪ್ಪನವರ ತಂದೆಯ ಹೆಸರೇನು ಎಂದು ಕೇಳಿದೆ.

"ಗೊತ್ತಿಲ್ರಿ. ಹೆಳವರದು ಯಾರೂ ಬರದಿಡಂಗಿಲ್ರಿ."

ಆಮೇಲೆ ಗಂಟಲು ಸರಿಮಾಡಿಕೊಂಡು ನಮ್ಮ ಮೂಲಪುರುಷನಿಂದ ಶುರು ಮಾಡಿದರು.