ಶೇಂಗಾ ಚೀಲದ ಎರಡಕ್ಷರ

ಆಗೆಲ್ಲ ಮಳೆಗಾಲ ಬಂತೆಂದರೆ ನನಗೆ ಮುನಿರಾಬಾದಿನದೇ ಗುಂಗು. ಡ್ಯಾಮು ತುಂಬಿ ಗೇಟು ತೆರೆದರೆಂದು ಸುದ್ದಿ ಬಂದರೆ ಸಾಕು, ಶೇಂಗಾ ಚೀಲದ ಜೊತೆ ನನ್ನನ್ನೂ ತಾವರಗೇರಾದಿಂದ ಕಾಕಾನ ಮನೆಗೆ ಬಸ್ಸು ಹತ್ತಿಸುತ್ತಿದ್ದರು. ನೀರು ನೋಡಲು ಮನೆಮಂದಿಯೆಲ್ಲ ನಡೆದು ಹೋಗಬೇಕು. ಕಾಕಾನ ಸ್ಕೂಟರಿನ ಮುಂದೆ ನಿಂತು ಹೋಗುವ ಭಾಗ್ಯ ಒಬ್ಬರಿಗೆ ಮಾತ್ರ, ಆ ಒಬ್ಬ ಯಾವಾಗಲೂ ಅವನ ಮಗ ಮಂಜ. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ವರ್ಷ ನಾನು ಜಗಳಕ್ಕೇ ನಿಂತೆ. ಕಾಕಾ ನಕ್ಕು ಪಂದ್ಯ ಇಟ್ಟ.

"ಟಿ.ಬಿ. ಅಂದ್ರ ಏನೇನು ಐತಿ ಹೇಳ್ರಿ. ಬರೀ ಬಾಯಿಮಾತು ನಡಿಯಂಗಿಲ್ಲ, ತೋರಿಸಬೇಕು. ಗೆದ್ದವರು ಸ್ಕೂಟರ್ ಮ್ಯಾಲೆ."

ಮಂಜ ಡ್ಯಾಮಿನ ಕಡೆ ಕೈಮಾಡಿ "ತುಂಗಭದ್ರಾ" ಎಂದ. ನಾನು ದವಾಖಾನೆಯ ಗೋಡೆಯ ಮೇಲೆ ಕೆಮ್ಮುತ್ತಿದ್ದ ಮುದುಕನ ಚಿತ್ರ ತೋರಿಸಿದೆ. ಅವನು ಸಾಹೇಬರು ಇಳಿದುಕೊಳ್ಳುವ ಟ್ರಾವೆಲರ್ಸ್ ಬಂಗ್ಲೆಗೆ ಬೆರಳು ಮಾಡಿದ. ನನಗೆ ಮುಂದೇನೂ ಹೊಳೆಯಲಿಲ್ಲ. ಮಂಜ ಆಗಲೇ ಹೋಗಿ ಸ್ಕೂಟರಿನ ಮೇಲೆ ನಿಂತುಬಿಟ್ಟ.

ಅಷ್ಟರಲ್ಲಿ ಅಡುಗೆಮನೆಯಿಂದ ಕಾಕಿ ಶೇಂಗಾ ಹುರಿಯುವ ವಾಸನೆ ಬಂತು. ಒಳಗೆ ಓಡಿದವಳೇ ಚೀಲದ ಕಿವಿ ಹಿಡಿದು ಅಂಗಳದವರೆಗೆ ಎಳೆದು ತಂದೆ. ದಾರಿಯುದ್ದಕ್ಕೂ ಶೇಂಗಾ ಚೆಲ್ಲಿತು, ಕಾಕಿ ಬೈದಳು. ಗೋಣಿಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಅವೇ ಎರಡು ಇಂಗ್ಲಿಷ್ ಅಕ್ಷರ.

"ಅದು ಅಂಗಡಿ ಮಾರ್ಕು," ಎಂದ ಮಂಜ.

"ಅಲ್ಲ. ತಿಪ್ಪಣ್ಣ ಬೆಟಗೇರಿ, ನಮ್ಮಜ್ಜ. ಮಾರ್ಕೆಟ್‌ನ್ಯಾಗ ಚೀಲ ಅದಲುಬದಲು ಆಗಬಾರ್ದಂತ ಬರಿಸ್ಯಾನ."

ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ರಾಶಿ ಚೀಲಗಳ ನಡುವೆ ಆ ಎರಡಕ್ಷರವನ್ನು ದೂರದಿಂದಲೇ ಗುರುತಿಸುತ್ತಿದ್ದ. ಕಾಕಾ ಚೀಲದ ಮೇಲೆ ಕೈಯಾಡಿಸಿದ.

"ನಮ್ಮಪ್ಪನ್ನ ನಾವೇ ಮರ್ತಿದ್ವಲ್ಲೋ ಮಂಜ. ಇಳಿ ಕೆಳಗ."

ಆ ಸಂಜೆ ಸ್ಕೂಟರಿನ ಮುಂದೆ ನಿಂತವಳು ನಾನು. ಕೆಂಪು ಹೊಳೆನೀರಿನ ವಾಸನೆ ಮೂಗಿಗೆ ಬಡಿಯಿತು, ತುಂತುರಿಗೆ ಲಂಗ ಒದ್ದೆಯಾಯಿತು. ನಡೆದು ಬರುತ್ತಿದ್ದ ಮಂಜನಿಗೆ ಎರಡೂ ಕೈ ಬೀಸಿ ಕಾಕಾನಿಂದ ಬೈಸಿಕೊಂಡೆ. ಅಂಥ ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಲಿಲ್ಲ.

ಈಗ ಆ ಸ್ಕೂಟರಿಲ್ಲ, ಅಜ್ಜನಿಲ್ಲ. ಊರಿಂದ ಶೇಂಗಾ ಬರುವುದೂ ಯಾವುದೋ ಗೊಬ್ಬರದ ಹೆಸರಿರುವ ಪ್ಲಾಸ್ಟಿಕ್ ಚೀಲದಲ್ಲಿ. ಮೊನ್ನೆ ಮಗಳಿಗೆ ಇದೇ ಪಂದ್ಯ ಹಾಕಿದೆ. ಅವಳು ಕೂತಲ್ಲಿಂದ ಏಳದೆ ಫೋನಿನಲ್ಲಿ ಎರಡಕ್ಷರ ಒತ್ತಿ, ಬಂದ ಅರ್ಥಗಳನ್ನೆಲ್ಲ ಓದಿದಳು.

"ಮುಗೀತವ್ವ. ಎಲ್ಲಾ ಅದಾವ, ನಾನೇ ಗೆದ್ದೆ."

"ಇಲ್ಲವ್ವ," ಎಂದೆ. "ಫೋನಿನ್ಯಾಗ ಎದ್ದು ಓಡಿ ಗೆಲ್ಲೋ ಖುಷಿನ ಬಿಟ್ಟಾರ."